ಸಿಟಿ ರೋಡಿನ ಬದನೆಕಾಯಿ

ಕಾರ್ಡಿಫ್‌ನ ಸಿಟಿ ರೋಡಿನಲ್ಲಿ
ಟೈರಿನಂಗಡಿಗೂ ಮದುವೆ ಗೌನಿನಂಗಡಿಗೂ ನಡುವೆ
ಒಂದು ಗೋಡೆ ಕಡಿಮೆಯಿರುವ ಕೋಣೆ.
ಹೊಗೆಗೆ ಸೂರು ಕೊಟ್ಟರೆ ಅರ್ಧ ಬಯಲೂ ಕೊಡಬೇಕು,
ಇಲ್ಲಿಯ ಕಾನೂನು. ಹಾಗಾಗಿ
ಹಸಿರು ವೆಲ್ವೆಟ್ ಕುರ್ಚಿ, ಹಿತ್ತಾಳೆ ಲಾಂದ್ರ,
ಪ್ಲಾಸ್ಟಿಕ್ ಮಲ್ಲಿಗೆಯ ಚಪ್ಪರ, ಇಷ್ಟೆಲ್ಲ ಸಿಂಗಾರ
ಫೆಬ್ರುವರಿಯ ಗಾಳಿಗೆ ಎದೆ ತೆರೆದು ಕೂತಿದೆ.
ಹೀಟರಿಗೆ ನೆತ್ತಿ ಸುಡುತ್ತದೆ, ಕಾಲು ಮರಗಟ್ಟುತ್ತದೆ.

ನೆರಿಸಳ ಬಡ್ತಿಯ ಪಾರ್ಟಿ. ನಾವು ನಾಲ್ವರು,
ಎಕ್ಸ್‌ರೇ ವಿಭಾಗದ ಹೆಂಗಸರು,
ದಿನವಿಡೀ ಕಂಡವರ ಎದೆಗೂಡು ನೋಡಿ ನೋಡಿ
ಈಗ ಸೇಬೋ ಪುದೀನವೋ ಎಂದು ಚರ್ಚಿಸುತ್ತೇವೆ.

ಮೊದಲು ಚನ್ನಂಗಿ ಬೇಳೆಯ ಸೂಪು, ನಿಂಬೆ ಹಿಂಡಿದ್ದು,
ಥೇಟು ಬಾಣಂತಿಯ ತೊವ್ವೆ.
ಆಮೇಲೆ ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು,
ಎಳ್ಳರೆದು ಕಲಸಿದ ಬದನೆಕಾಯಿ;
ಒಗ್ಗರಣೆಯೊಂದು ಬಿಟ್ಟರೆ ನಮ್ಮನೆಯದೇ ಬಜ್ಜಿ.
ನಗು ಬಂತು. ಯಾಕೆಂದು ನೆರಿಸ್ ಕೇಳಿದಳು.
ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ:
ಇಂಗ್ಲಿಷಿಗೆ ತಿರುಗಿಸಲು ಹೋದರೆ
ಶಾಸ್ತ್ರ ಉಳಿಯುತ್ತದೆ, ಬದನೆ ಸೋರಿಹೋಗುತ್ತದೆ.
"ಚೆನ್ನಾಗಿದೆ" ಅಂದೆ, ರೊಟ್ಟಿ ಹರಿದೆ.

ನಳಿಕೆ ನನ್ನ ಸರದಿಗೆ ಬಂದಾಗಲೇ ಕಂಡದ್ದು
ಎದುರು ಮೂಲೆಯಲ್ಲಿ ಮುಕ್ಬಿಲ್. ಬೆಳಿಗ್ಗೆ ಹನ್ನೊಂದರ ಮುಕ್ಬಿಲ್.
ಹಡಗುಕಟ್ಟೆಯಲ್ಲಿ ಸವೆದ ಯೆಮನಿ ಮುದುಕ.
ಹುಟ್ಟಿದ ದಿನ ಕೇಳಿದ್ದೆ.
ಜನವರಿ ಒಂದು, ಅಂದಿದ್ದರು, ತುಸು ನಕ್ಕು.
ನಮ್ಮಪ್ಪನಿಗೆ ಮೇಷ್ಟ್ರು ಬರೆದುಕೊಟ್ಟ ಜೂನ್ ಒಂದರ ಹಾಗೆ
ಯಾವನೋ ಗುಮಾಸ್ತನ ಉಡುಗೊರೆ.
ತಣ್ಣನೆ ಫಲಕಕ್ಕೆ ಎದೆಯೊತ್ತಿ ನಿಂತರು.
ಉಸಿರೆಳೆಯಿರಿ. ಹಿಡಿಯಿರಿ. ಅಲ್ಲಾಡಬೇಡಿ.
ಹಿಡಿದರು, ಮುತ್ತಿಗೆ ಮುಳುಗುವವರಂತೆ.
"ಸೇದುತ್ತೀರಾ?"
"ಬಿಟ್ಟು ಎಷ್ಟೋ ಕಾಲವಾಯಿತು, ಮಗಳೇ."

ಪರದೆಯ ಮೇಲೆ ನಾನು ಕಂಡದ್ದನ್ನು
ಹೇಳುವ ಹಕ್ಕು ನನಗಿಲ್ಲ.
ಅದಕ್ಕೆ ಡಾಕ್ಟರಿದ್ದಾರೆ, ಪತ್ರವಿದೆ, ಹತ್ತು ಕೆಲಸದ ದಿನಗಳಿವೆ.

ಈಗ ಅವರ ಕೈಯಲ್ಲಿ ನಳಿಕೆ. ನನ್ನ ಕೈಯಲ್ಲೂ.
ಪರೀಕ್ಷೆಯಲ್ಲಿ ಒಂದೇ ಚೀಟಿ ನೋಡಿ
ಸಿಕ್ಕಿಬಿದ್ದ ಇಬ್ಬರಂತೆ
ಇಬ್ಬರೂ ಮೊದಲು ಮೇಲ್ವಿಚಾರಕರನ್ನು ಹುಡುಕಿದೆವು,
ಆಮೇಲೆ ಒಬ್ಬರನ್ನೊಬ್ಬರು.

ಕೆಂಡದ ಹುಡುಗ ಇಕ್ಕಳ ಹಿಡಿದು ಬಂದ.
ಬೂದಿ ಕೊಡವಿದ, ಕೆಂಪು ಒಳಗೇ ಇತ್ತು.
ಮರಳಿ ಬರುವಾಗ ಒಂದು ತಟ್ಟೆ ಬಿಸಿ ಕುನಾಫಾ:
"ಆ ಮೂಲೆಯವರ ಲೆಕ್ಕ."
ಲಂಚವೋ, ಅಕ್ಕರೆಯೋ? ಚೀಸಿನ ಎಳೆ
ಉದ್ದಕ್ಕೆ ಜಗ್ಗಿ, ತುಂಡಾಗದೆ ನಿಂತಿತು.
ತಿಂದೆ.

ಹೊರಡುವಾಗ ಅವರ ಮೇಜಿನ ಬಳಿ ನಿಂತೆ.
"ಫೋಟೋ ಹೇಗೆ ಬಂದಿದೆ?"
"ನೀವು ಅಲ್ಲಾಡಲಿಲ್ಲವಲ್ಲ," ಅಂದೆ,
"ಸ್ಪಷ್ಟವಾಗಿ ಬಂದಿದೆ."

ತಲೆದೂಗಿ, ನಿಧಾನವಾಗಿ ಎಳೆದರು.
ಗಾಜಿನ ಹೊಟ್ಟೆಯಲ್ಲಿ ನೀರು ಗುಡುಗುಡಿಸಿತು.
ಹಿಡಿದರು.
ಅಭ್ಯಾಸಬಲ, ನಾನೂ ಹಿಡಿದೆ.
ಇಲ್ಲದ ಗೋಡೆಯ ಕಡೆಯಿಂದ ಗಾಳಿ ಬಂತು,
ಲಾಂದ್ರಗಳು ಒಂದಕ್ಕೊಂದು ತಾಗಿದವು.

ಬಿಡಿ,
ಎನ್ನಬೇಕಾದವಳು ನಾನೇ.