ಟಿಕೆಟ್ಟಿನ ಬೆನ್ನು

ಶಿವಮೊಗ್ಗ–ಸಾಗರ, ಬೆಳಗಿನ ಮೊದಲ ಟ್ರಿಪ್ಪು.
ಹತ್ತಿದವರೆಲ್ಲ ಐನೂರರ ನೋಟು ಚಾಚುವವರೇ.
ಚಿಲ್ಲರೆ ಎಲ್ಲಿಂದ ತರಲಿ?
ಟಿಕೆಟ್ಟಿನ ಬೆನ್ನಿಗೆ ಬಾಕಿ ಗೀಚಿ ಕೊಡುತ್ತೇನೆ,
ಇಳಿಯುವಾಗ ಕೇಳಿ.

ಆಯನೂರು ದಾಟುವುದರೊಳಗೆ
ಅರ್ಧ ಬಸ್ಸಿಗೆ ನಾನು ಸಾಲಗಾರ.
ಕುಂಸಿಯಲ್ಲೊಬ್ಬಾಕೆ ಮರೆತು ಇಳಿದಾಗ
ಸೀಟಿ ಊದಿ, ಓಡಿಹೋಗಿ ಕೊಟ್ಟು ಬಂದೆ.
ಓಡದ ದಿನಗಳೂ ಉಂಟು. ಸುಳ್ಳು ಯಾಕೆ.

ಕಾರ್ಡು ಅಂದರೆ ಡ್ರೈವರ್ ಹಾಲೇಶಪ್ಪನಿಗೆ ಆಗದು:
"ಕಿಸೆ ಖಾಲಿಯಾದ್ರೆ ಕೈಗೆ ಗೊತ್ತಾಗುತ್ತೆ ಮಾರಾಯ,
ಅದು ಖಾಲಿಯಾಗೋದೇ ಇಲ್ಲ, ಅದೇ ರೋಗ."
ನಿಜವೇ. ಆದರೂ ನನ್ನ ಹತ್ತಿರ ಒಂದಿದೆ.
ಮಗಳ ಕನ್ನಡಕ, ಮಿಕ್ಸಿಯ ಜಾರು, ಎರಡು ಟಯರು;
ಗೀರಿದ ರಾತ್ರಿಯೇ ಹಳೇ ಟಿಕೆಟ್ಟಿನ ಬೆನ್ನಿಗೆ ಬರೆದು
ಅಷ್ಟೇ ದುಡ್ಡನ್ನು ಹಾರ್ಲಿಕ್ಸ್ ಡಬ್ಬಿಗೆ ಹಾಕುತ್ತೇನೆ.
ಹೆಂಡತಿ ನಗುತ್ತಾಳೆ: ಹಾಗಾದರೆ ಕಾರ್ಡು ಯಾಕೆ?
ಉತ್ತರ ಇನ್ನೂ ಹೊಳೆದಿಲ್ಲ.

ಬ್ಯಾಂಕು ಅನ್ನುವ ಈ ಪ್ರಯಾಣಿಕ
ತೂಕಡಿಸುವವನಲ್ಲ, ಸ್ಟಾಪು ಮರೆಯುವವನಲ್ಲ.
"ಸದ್ಯಕ್ಕೆ ಸ್ವಲ್ಪ ಕೊಡಿ, ಸಾಕು" ಅನ್ನುತ್ತಾ
ಕಿಟಕಿ ಪಕ್ಕ ಕೂತು
ಊರು ಬಂದರೂ ಏಳುವುದಿಲ್ಲ.

ಅದಕ್ಕೇ ಹದಿನೇಳನೇ ತಾರೀಖು, ಗಡುವಿಗೆ ಒಂದು ದಿನ ಮೊದಲೇ,
ಡಬ್ಬಿ ಬೋರಲು ಹಾಕಿ, ಪೈಸೆ ಬಿಡದೆ ಕಟ್ಟಿ
ಬಾಗಿಲು ತೆಗೆಯುತ್ತೇನೆ:
ಇಳೀರಿ ಸ್ವಾಮಿ.

ಹಿಂದಿನ ಬಾಗಿಲಿಂದ ಮತ್ತೆ ಹತ್ತುತ್ತಾನೆ, ಗೊತ್ತು.