ಉರ್ರಾಕಿನ ತಿಂಗಳಲ್ಲಿ

ಮೂಗೇ ನನ್ನ ಹತ್ಯಾರ.
ಹನ್ನೊಂದು ವರ್ಷ ಅದನ್ನು ಮಸೆದೆ
ಒಬ್ಬನೇ ಗಂಡಸಿನ ಮೇಲೆ:
ಅಂಗಿಯ ಕಾಲರು, ತಲೆದಿಂಬು, ಸ್ಕೂಟರಿನ ಡಿಕ್ಕಿ,
ದೇವರ ಗೂಡಿನ ಹಿಂದಿಟ್ಟ ಕೆಮ್ಮಿನ ಔಷಧದ ಬಾಟಲಿ.
ಬಾಗಿಲು ತೆರೆಯುವ ಮೊದಲೇ ಹೇಳಬಲ್ಲವಳಾಗಿದ್ದೆ
ಇವತ್ತು ಎಷ್ಟು, ಯಾರ ದುಡ್ಡಿನದು,
ಅಳುತ್ತಾನೋ ಒದೆಯುತ್ತಾನೋ.

ಈಗ ಏಪ್ರಿಲ್. ಫೋಂಡಾದ ಗುಡ್ಡದ ತುಂಬ
ಗೇರುಹಣ್ಣು ತುಳಿಯುತ್ತಿದ್ದಾರೆ.
ಭಟ್ಟಿಗಳು ಹೊತ್ತಿವೆ. ಗಾಳಿಗೇ ಅಮಲು.
ಬಸ್ಸು, ಬ್ಯಾಂಕು, ಒಣಹಾಕಿದ ನನ್ನದೇ ಸೀರೆ,
ಎಲ್ಲಕ್ಕೂ ಒಂದೇ ವಾಸನೆ, ಸಿಹಿಯಾಗಿ ಕೊಳೆತದ್ದು.

ಇಂಥ ತಿಂಗಳಲ್ಲಿ ನನ್ನನ್ನು ಊಟಕ್ಕೆ ಕರೆದರು
ತಕ್ಕಡಿ ರಿಪೇರಿಯ ಉಮಾಕಾಂತ ಖಾಂಡೇಪಾರ್ಕರ್.
ನಮ್ಮ ಸೊಸೈಟಿ ಅಂಗಡಿಯ ತೂಕದ ಯಂತ್ರ ಬಿಚ್ಚಿ
"ಹನ್ನೆರಡು ಗ್ರಾಂ ಕದಿಯುತ್ತಿತ್ತು ಬಾಯೀ,
ಬುದ್ಧಿ ಹೇಳಿದ್ದೇನೆ" ಎಂದವರು.

ಹಳಿಯಾಳದ ತಂಗಿ ಫೋನಿನಲ್ಲಿ ನಕ್ಕಳು:
"ನಲವತ್ತಾರಕ್ಕ ಡೇಟಿಂಗೇನ ಅಕ್ಕಾ!
ಹೋಗು. ಆದ್ರ ಮೊದಲ ಬಾಯಿ ಮೂಸು."
ಹೇಗೆ ಮೂಸಲಿ,
ಊರೇ ಕುಡಿದು ಮಲಗಿರುವಾಗ?

ಕುರ್ಚಿ ಎಳೆದು ಕೂತಿದ್ದಷ್ಟೇ. ಹೋಟೆಲಿನ ಹುಡುಗ
"ಮೊದಲ ಇಳಿಕೆಯ ಉರ್ರಾಕು ಬಂದಿದೆ,
ಲಿಂಬು ಹಿಂಡಿ ತರಲೇ?"
ನನ್ನ ಬೆನ್ನು ಗೋಡೆಯಾಯಿತು.
ಅವರು ಬೇಡವೆಂದರು. ಆಮೇಲೆ ನನ್ನ ಕಡೆ ತಿರುಗಿ,
"ಶಿಗ್ಮೋದಲ್ಲಿ ಒಂದು ಗ್ಲಾಸು ಕುಡಿಯುತ್ತೇನೆ.
ಹೇಳಿಬಿಡುವುದು ಒಳ್ಳೆಯದು."

ಒಂದು.
ನಮ್ಮ ಮನೆಯಲ್ಲಿ ಅದು
ಹತ್ತರ ಅಡ್ಡಹೆಸರು.
ಆದರೂ, ಕೇಳದೆ ಹೇಳಿದರಲ್ಲ...

ಬಂಗಡೆಯ ಮುಳ್ಳು ಬಿಡಿಸುತ್ತ ಕೂತೆ.
ಅವರು ತೀರಿಹೋದ ಹೆಂಡತಿಯ ಕನ್ನಡಕದ ಮಾತಾಡಿದರು,
ಇನ್ನೂ ಒರೆಸಿಡುತ್ತಾರಂತೆ.
ಪೂರ್ತಿ ಕೇಳಿಸಿಕೊಳ್ಳಲಿಲ್ಲ ನಾನು, ಕೈ ನೋಡುತ್ತಿದ್ದೆ.
ಲೋಟ ಎತ್ತಿದಾಗ ನೀರು ಕದಲಲಿಲ್ಲ.
ಅಷ್ಟಕ್ಕೇ ನನಗೆ ಗಂಟಲು ಕಟ್ಟಿತು.
ಬೇರೆ ಹೆಂಗಸರು ಕಣ್ಣು ನೋಡುತ್ತಾರಂತೆ.

ಕೈ ತೊಳೆದು ಬಂದು ಜೇಬಿನಿಂದ
ತಗಡಿನ ಪುಟ್ಟ ಡಬ್ಬಿ ತೆಗೆದು ಮುಂದೆ ಹಿಡಿದರು.
ಏಲಕ್ಕಿ.

ಎದ್ದು ಹೋಗಬೇಕಿತ್ತು.
ಅವನೂ ಅಗಿಯುತ್ತಿದ್ದ, ಮೆಟ್ಟಿಲ ಕೆಳಗೆ ನಿಂತು,
ಒಂದು, ಎರಡು, ನಾಲ್ಕು,
ಆಮೇಲೆ ಹಬ್ಬದಡುಗೆಯ ಹಾಗೆ ಘಮಘಮಿಸುತ್ತ
ಒಳಗೆ ಬಂದು ಮಗಳನ್ನು ಎತ್ತಿಕೊಳ್ಳುತ್ತಿದ್ದ.
ಅವಳಿಗೆ ಇವತ್ತಿಗೂ ಪಾಯಸ ಸೇರುವುದಿಲ್ಲ.
ನನ್ನ ಅಡುಗೆಮನೆಯ ಏಲಕ್ಕಿ ಡಬ್ಬಿಯಲ್ಲಿ
ಅಂಗಿಯ ಗುಂಡಿಗಳಿವೆ.

"ಯಾಕೆ ತಿನ್ನುತ್ತೀರಿ ಇದನ್ನು?"
ಪೊಲೀಸರ ದನಿಯಲ್ಲಿ ಕೇಳಿದೆ.
ಖಾಂಡೇಪಾರ್ಕರ್ ಗಾಬರಿಬಿದ್ದರು.
"ಈರುಳ್ಳಿ ತಿಂದೆನಲ್ಲ. ನಿಮ್ಮ ಪಕ್ಕ
ನಿಂತು ಮಾತಾಡಬೇಕಲ್ಲ..."
ಕಿವಿ ಕೆಂಪಾಯಿತು.
ಐವತ್ತೆರಡು ವರ್ಷದ ಕಿವಿ.

ನಗು ಬಂತು. ನಗಲಿಲ್ಲ.
ಎರಡು ತೆಗೆದುಕೊಂಡೆ. ತಿನ್ನಲಿಲ್ಲ.
ಚಿಲ್ಲರೆಯ ಪರ್ಸಿಗೆ ಹಾಕಿ ಜಿಪ್ಪು ಎಳೆದೆ,
ಯಾರದೋ ಸಾಕ್ಷ್ಯ ಎತ್ತಿಡುವ ಹಾಗೆ.

ಕೊನೆಯ ಬಸ್ಸು. ಕುರ್ಟಿಯ ತಿರುವಿನಲ್ಲಿ
ಭಟ್ಟಿಯ ಹೊಗೆ ಕಿಟಕಿಯಿಂದ ಒಳಗೆ ಬಂದು
ಖಾಲಿ ಸೀಟಿನಲ್ಲಿ ಕೂತಿತು.
ಕತ್ತಲಲ್ಲಿ ಕಂಡಕ್ಟರನ ಅಂಗೈಗೆ ಚಿಲ್ಲರೆ ಸುರಿದೆ.
ಅವನು ಮೊಬೈಲಿನ ಬೆಳಕು ಹಿಡಿದು ಎಣಿಸಿದ,
ಒಂದು ಏಲಕ್ಕಿ ಎತ್ತಿ ವಾಪಸು ಕೊಟ್ಟ:
"ಬಾಯೀ, ಇದು ನಡೆಯೋದಿಲ್ಲ."

ನಡೆಯುತ್ತದೋ ಇಲ್ಲವೋ,
ನಾನೂ ನೋಡಬೇಕು ತಮ್ಮಾ.
ಜೂನ್ ಬರಲಿ.
ಮಳೆ ಈ ಗಾಳಿಯನ್ನೊಮ್ಮೆ ತೊಳೆಯಲಿ.
ಆಮೇಲೆ ಮೂಸುತ್ತೇನೆ.