ಐಪೀಸಿನೊಳಗಿನ ಕೂದಲು

ತುಂಗೆ ಇಳಿದಾಗ, ಮಾರ್ಚಿನಲ್ಲಿ,
ಕೋರ್ಪಲಯ್ಯನ ಛತ್ರದ ಕೆಳಗೆ ಮೊಣಕಾಲು ನೀರಲ್ಲಿ
ಕಾಲ್ಬೆರಳಿಂದಲೇ ತಡಕಿ ತೆಗೆಯುತ್ತೇನೆ ಕಪ್ಪೆಚಿಪ್ಪು.
ಹುಡುಗರು ಹದಿನಾರು, ಚಿಪ್ಪು ಹದಿನೆಂಟು ಬೇಕು,
ಎರಡು ಯಾವಾಗಲೂ ಸತ್ತಿರುತ್ತವೆ.

ಪಾಚಿ ಮಾತ್ರ ನಮ್ಮ ಹೊಳೆಯದಲ್ಲ.
ಕಾರವಾರದಿಂದ ಹಾರ್ಲಿಕ್ಸ್ ಬಾಟಲಿಯಲ್ಲಿ
ಘಟ್ಟ ಹತ್ತಿ ಶಿವಮೊಗ್ಗಕ್ಕೆ ಬಂದದ್ದು,
ನಾನು ಕೆಲಸಕ್ಕೆ ಸೇರಿದ ವರ್ಷ.
ಕೆಂಪು ಪಾಚಿ ಅಂತಾರೆ. ನನ್ನ ಕಣ್ಣಿಗೆ
ಕುಂಕುಮದ ನೀರಲ್ಲಿ ಅದ್ದಿದ, ಬಾಚಣಿಗೆಯ ಸಿಕ್ಕು.

ಅಂಬುಜಾಕ್ಷಿ ಮೇಡಂ ಪಾಠ ಮಾಡುವಾಗ
ಬಾಗಿಲ ಬಳಿ ಬೀಕರು ಒರೆಸುತ್ತಾ ಕೇಳಿಸಿಕೊಂಡೆ:
ಕೂಡಿಕೆಯಾದ ಮೇಲಷ್ಟೇ ಪಕ್ಕದಲ್ಲಿ ಹುಟ್ಟುತ್ತದಂತೆ
ಒಂದು ಕೋಣೆ. ಸಹಾಯಕ ಕೋಶ.
ಹೆತ್ತದ್ದಲ್ಲ, ಕೂಡಿದ್ದೂ ಅಲ್ಲ.
ಸಣ್ಣ ಕೊಳವೆ ದಾಟಿ ಬಂದ ಪರರ ಬೀಜಕ್ಕೆ
ಜಾಗ ಬಿಟ್ಟು, ತನ್ನದನ್ನು ಕರಗಿಸಿಕೊಳ್ಳುತ್ತದೆ.
"ಅರ್ಧ ಮಾರ್ಕು, ಮರೀಬೇಡಿ" ಎಂದರು ಮೇಡಂ.
ಪ್ರತಿ ವರ್ಷವೂ ಮರೆಯುತ್ತಾರೆ.

ಚಿಪ್ಪಿನ ಅಂಡಾಶಯದಲ್ಲೂ ಇದ್ದಾರಂತೆ ಅಂಥವರು,
ಮೊಟ್ಟೆಗೆ ಆತುಕೊಂಡು,
ಅದು ತುಂಬಿದಷ್ಟೂ ತಾವು ಬಡಕಲಾಗಿ.
ಅದು ಮೇಲಿನ ಮಹಡಿಯ ಪಾಠ.
ಎರಡು ಲ್ಯಾಬಿಗೂ ನಾನೊಬ್ಬಳೇ.

ನಮ್ಮ ಮೈಕ್ರೋಸ್ಕೋಪಿಗೆ ಮುಳ್ಳಿಲ್ಲ.
ಎಲ್ಲಿ ನೋಡಬೇಕೆಂದು ತೋರಿಸಲು, ಐಪೀಸು ಬಿಚ್ಚಿ,
ನನ್ನದೇ ಒಂದು ಕೂದಲು ಕತ್ತರಿಸಿ ಅಂಟಿಸುತ್ತೇನೆ.
ಮೊದಲೆಲ್ಲ ಒಳಗೆ ತೆಂಗಿನ ಕಡ್ಡಿಯಷ್ಟು ಕಪ್ಪಗೆ ಕಾಣುತ್ತಿತ್ತು.
ಈಗ ಬಿಳಿ.
ಬೆಳಕು ಸ್ವಲ್ಪ ತಗ್ಗಿಸಬೇಕು.

ಇವತ್ತು ಪ್ರಾಕ್ಟಿಕಲ್.
ನಾಲ್ಕನೇ ಟೇಬಲು, ಎಡಗೈಯಲ್ಲಿ ಬರೆಯುವ ಹುಡುಗ,
ಸೀಗೆಹಟ್ಟಿಯ ವಠಾರದಲ್ಲಿ ಗೋಡೆಯಾಚೆಗಿದ್ದ ಸುಗಂಧಿಯ ಮಗ.
ಅವಳಿಗೆ ಬಾಣಂತನದಲ್ಲೇ ಕಾಮಾಲೆ.
ಅದೇ ವಾರ ನನ್ನ ತೊಟ್ಟಿಲು ಬರಿದಾಗಿ ಅಟ್ಟ ಸೇರಿತ್ತು,
ಹಾಲು ಮಾತ್ರ ಯಾರನ್ನೂ ಕೇಳದೆ ಬರುತ್ತಿತ್ತು.
ಹನ್ನೊಂದು ವಾರ.
ಆಮೇಲೆ ಅವರು ಮನೆ ಬದಲಿಸಿದರು.

ಪರೀಕ್ಷೆಯಲ್ಲಿ ಅಟೆಂಡರು ಮಾತಾಡುವಂತಿಲ್ಲ.
ಸ್ಲೈಡು ಸರಿಸಿ, ಕೂದಲ ತುದಿಗೆ ಆ ಕೋಶ ತಂದಿಟ್ಟು ಬಂದೆ,
ಎಲ್ಲ ಟೇಬಲಿಗೂ ಹಾಗೇ.

ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.
ಹೂಜಿಯಾಗಲು ಹೊರಟ ಗೂಡು ಬರೆದ,
ಒಂದೊಂದಕ್ಕೂ ಗೆರೆ ಎಳೆದು ಹೆಸರಿಟ್ಟ.
ಕೊನೆಯ ಗೆರೆಯೆದುರು ಪೆನ್ಸಿಲು ಕಚ್ಚಿ ಕೂತ.
ಕೈಯೆತ್ತಿದ.

"ಅಕ್ಕಾ, ಲೆನ್ಸಲ್ಲಿ ಯಾರದೋ ಕೂದಲಿದೆ,
ಒರೆಸಿ ಕೊಡ್ತೀರಾ?"

ಸೆರಗಿನ ತುದಿಯಿಂದ
ಹೊರಗಿನ ಗಾಜನ್ನಷ್ಟೇ ಒರೆಸಿ ಕೊಟ್ಟೆ.